ಅಂಗೈಯಲ್ಲಿ ಕೇಳಿಸಿಕೊಳ್ಳುತ್ತಿದ್ದ ಮಾಮ

ಕರುಮತ್ತಂಪಟ್ಟಿಯ ನಮ್ಮ ಬೀದಿಯಲ್ಲಿ ಕಾರು ರಿಪೇರಿ ಮಾಡುವ ಮಾಮ ಒಬ್ಬರಿದ್ದರು. ಅವರಿಗೆ ಕಿವಿ ಕೇಳಿಸುತ್ತಿರಲಿಲ್ಲ; ತುಟಿ ನೋಡಿಯೇ ಮಾತು ತಿಳಿದುಕೊಳ್ಳುತ್ತಿದ್ದರು. ಓಡುತ್ತಿರುವ ಇಂಜಿನ್ನಿನ ಪಕ್ಕದ ತಗಡಿಗೆ ಅಂಗೈ ಒತ್ತಿ, ರೆಪ್ಪೆ ಮುಚ್ಚಿ ನಿಲ್ಲುತ್ತಿದ್ದರು. ಯಾರಾದರೂ ಅವಸರಪಡಿಸಿದರೆ, "ತಾಳು ಕಣ್ಣು, ಅದೇ ಹೇಳ್ತದೆ" ಎಂದು ಗದರುತ್ತಿದ್ದರು. ಮುದ್ದಿಗೆ ಎಲ್ಲರನ್ನೂ ಅವರು 'ಕಣ್ಣು' ಎಂದೇ ಕರೆಯುತ್ತಿದ್ದರು.

ನನ್ನ ಮದುವೆಗೆಂದು ಸಿರುಮುಗೈಗೆ ಹೊರಟ ಬಾಡಿಗೆ ಕಾರಿನಲ್ಲಿ ಅವರೂ ಇದ್ದರು. ಒಂದು ಏರಿನಲ್ಲಿ ಕಾರು ಕಪ್ಪು ಹೊಗೆಯುಗುಳಿ ನಿಂತೇ ಹೋಯಿತು. ಮುಹೂರ್ತ ಹತ್ತಿರವಾಗುತ್ತಿತ್ತು. ಅಪ್ಪ ಎತ್ತಿನಗಾಡಿ ಹುಡುಕುತ್ತ ಮುಂದೆ ಓಡಿದರು. ನಾನು ಅಳತೊಡಗಿದೆ.

ಮಾಮ ಬಾನೆಟ್ ಎತ್ತಿ, ಡ್ರೈವರನಿಂದ ಇಂಜಿನ್ ಚಾಲೂ ಮಾಡಿಸಿದರು. "ಪೆಟ್ರೋಲ್ ಜಾಸ್ತಿ ಕುಡೀತದೆ, ಗಾಳಿ ಸಾಲ್ದು. ಕಿಡಿಯೂ ತಡವಾಗಿ ಹಾರ್ತದೆ." ಒಂದು ಕೈ ಕಾರ್ಬುರೇಟರಿನ ತಿರುಪಿನ ಮೇಲೆ, ಇನ್ನೊಂದು ಕಿಡಿ ಹಂಚುವ ಡಬ್ಬಿಯ ಮೇಲೆ, ತಗಡಿಗೆ ಒತ್ತಲು ಅಂಗೈ ಉಳಿಯಲಿಲ್ಲ. ನನ್ನತ್ತ ತಿರುಗಿದರು. "ಕಣ್ಣು, ನೀನು ಇಲ್ಲಿ ಕೈ ಇಡು. ನಡುಕ ನಿಂತಾಗ ಹೇಳು."

"ಮದುವೆ ಹೆಣ್ಣು ವಂಡಿ ಮುಟ್ಟೋದಾ!" ಎಂದು ಸೋದರತ್ತೆ ಕೂಗಿದರು; ನಮ್ಮೂರ ಮಾತಿನಲ್ಲಿ ಗಾಡಿಗೆಲ್ಲ ವಂಡಿಯೇ. ನಾನು ಇಳಿದು ಕೈಯಿಟ್ಟೆ. ತಗಡು ಗಡಗಡ ನಡುಗುತ್ತಿತ್ತು. ಅವರು ತಿರುಪನ್ನು ಕೊಂಚ ಬಿಗಿದು, ಡಬ್ಬಿಯನ್ನು ಭತ್ತದ ಕಾಳಿನಷ್ಟು ತಿರುಗಿಸಿದರು. ಇದ್ದಕ್ಕಿದ್ದಂತೆ ನಡುಕವಿಳಿದು, ಬೆಕ್ಕು ಗುರುಗುಟ್ಟಿದ ಹಾಗಾಯಿತು. ಹೇಳುವುದನ್ನು ಮರೆತು ನಕ್ಕುಬಿಟ್ಟೆ. ನನ್ನ ಮುಖ ನೋಡಿಯೇ ಅವರು ಕೈ ತೆಗೆದರು. ಅಪ್ಪನನ್ನು ದಾರಿಯಲ್ಲಿ ಹತ್ತಿಸಿಕೊಂಡೆವು.

ಧಾರೆಯ ಹೊತ್ತಿಗೂ ಆ ತಗಡಿನಿಂದ ಅಂಗೈಗೆ ಹತ್ತಿದ ಮಸಿ ಹೋಗಿರಲಿಲ್ಲ. ಅದನ್ನು ಕಂಡು ಮದುಮಗ ಹುಬ್ಬೇರಿಸಿದರು. "ವಂಡಿ ಸರಿ ಮಾಡ್ದೆ" ಎಂದು ಪಿಸುಗುಟ್ಟಿದೆ. ನಾನು ಅವರೊಡನೆ ಆಡಿದ ಮೊದಲ ಮಾತು ಅದು. ಎದುರಿಗೆ ಕೂತಿದ್ದ ಮಾಮ ನನ್ನ ತುಟಿ ನೋಡಿ, ಚಪ್ಪರವೆಲ್ಲ ಕೇಳುವಂತೆ ಕೂಗಿದರು: "ಆಮಾ, ಹೌದು, ಅವಳೇ!"