ಮರೆಯ ಅಂಚಿನ ತುಂಡು ಗೆರೆ

ಐಟಿ ಅಂದರೆ ಎಲ್ಲರೂ ಕೋಡಿಂಗ್ ಅಂದುಕೊಳ್ಳುತ್ತಿದ್ದ ಕಾಲದಲ್ಲಿ ನಾನು ಹೈದರಾಬಾದಿನಲ್ಲಿ ಕೂತು ಕಂಪ್ಯೂಟರಿನ ಮೇಲೆ ಪಂಪು ಬಿಡಿಸುತ್ತಿದ್ದೆ. "ಅಯ್ಯೋ, ಬೋರ್‌ವೆಲ್ ಕಂಪನೀನಾ?" ಎಂದು ಮೈಸೂರಿನ ನಮ್ಮತ್ತೆ ಕನಿಕರಪಟ್ಟಿದ್ದರು. ಹೋಗಲಿ ಬಿಡಿ.

ನನ್ನ ಮೇಲಿನ ಸಾಹೇಬರು ಕೊಪ್ಪಳದ ಕಡೆಯವರು, ಡ್ರಾಯಿಂಗ್ ಬೋರ್ಡಿನ ಮುಂದೆ ನಿಂತೇ ತಲೆ ನರೆಸಿಕೊಂಡವರು. ಬಾಯಿ ಜೋರು, ಮನಸ್ಸು ಬೆಣ್ಣೆ ಅಂತೆಲ್ಲ ಹೇಳಲಾರೆ. ಮೊದಮೊದಲು ನನಗೆ ಕಂಡದ್ದು ಬರೀ ಬಾಯಿ. ಅಷ್ಟರಲ್ಲಿ ಆಫೀಸಿನಿಂದ ಬೋರ್ಡುಗಳನ್ನೆಲ್ಲ ಹೊರಹಾಕಿದ್ದರು. ಸನತ್‌ನಗರದ ಗಿರಾಕಿಗಳ ಮುಂದೆ ಸಾಹೇಬರು ಪರದೆಯ ಮೇಲೆ ಪಂಪನ್ನು ವಿವರಿಸಿದರೆ ಸರಿ, ತಡವರಿಸಿದರೆ ಮನೆಗೆ ಎಂದು ಮ್ಯಾನೇಜರ್ ಎಲ್ಲರೆದುರೇ ಹೇಳಿಬಿಟ್ಟಿದ್ದರು.

ಒಳಗಿನ ಚಕ್ರ ಕಾಣಲೆಂದು ನಾನು ಪಂಪಿನ ಹೊರಕವಚವನ್ನು ಅರೆಪಾರದರ್ಶಕ ಮಾಡಿದ್ದೆ. ಸಾಹೇಬರು ನೋಡಿದ್ದೇ ತಡ, ಕಿಡಿಕಿಡಿಯಾದರು.

"ಏನವಾ ಇದು? ಹಿಂದಿನ ತೂತು ಮುಂದ ಯಾಕ ತಂದಿ?"

"ಹಿಂದೇನೇ ಇದೆ ಸರ್."

"ನನಗ ಕಣ್ಣಿಲ್ಲೇನು? ಗೆರಿ ಗಟ್ಟಿ ಐತಿ ನೋಡು!"

ಕವಚವನ್ನು ಮೊದಲಿನಂತೆ ಮಾಡಿದೆ. ಹಿಂದಿನ ತೂತು ಸಹಜವಾಗಿಯೇ ಮರೆಯಾಯಿತು.

"ಈಗ ಅಳಿಸೇ ಬಿಟ್ಟಿ!"

ನನಗೂ ರೇಗಿತು. ಆಮೇಲೆ ಹೊಳೆಯಿತು. ಬೋರ್ಡಿನವರ ಪದ್ಧತಿಯಲ್ಲಿ ಕಾಣುವ ಅಂಚಿಗೆ ಇಡೀ ಗೆರೆ, ಮರೆಯಲ್ಲಿರುವ ಅಂಚಿಗೆ ತುಂಡು ತುಂಡು ಗೆರೆ. ಈ ಸಾಫ್ಟ್‌ವೇರೋ, ಭಾಗ ಪಾರದರ್ಶಕವಾದೊಡನೆ ಮುಂದಿನದಕ್ಕೂ ಹಿಂದಿನದಕ್ಕೂ ಒಂದೇ ಕಪ್ಪು ಗೆರೆ ಎಳೆದು ಕೈತೊಳೆದುಕೊಳ್ಳುತ್ತಿತ್ತು. ಗೆರೆಯನ್ನೇ ನಂಬಿ ಬಾಳಿದ ಮನುಷ್ಯನಿಗೆ ಅದು ಹಸಿ ಸುಳ್ಳು. ಗಿರಾಕಿಗಳ ಮುಂದೆಯೂ ಹೀಗೇ ಆದರೆ ಇವರ ಕಥೆ ಮುಗಿಯಿತು ಅನಿಸಿ ಪಾಪ ಎಂದುಕೊಂಡೆ.

ಊಟ ಬಿಟ್ಟು ಸೆಟ್ಟಿಂಗುಗಳನ್ನೆಲ್ಲ ಜಾಲಾಡಿದೆ. ಮರೆಯ ಅಂಚನ್ನು ತುಂಡು ಗೆರೆಯಲ್ಲಿ ತೋರಿಸುವ ಆಯ್ಕೆಯೊಂದು ಯಾವುದೋ ಮೂಲೆಯಲ್ಲಿತ್ತು. ಒತ್ತಿದೆ. ಸಾಹೇಬರು ನೋಡಿ, ಕುರ್ಚಿ ಎಳೆದುಕೊಂಡು ಕೂತರು.

"ಹಾಂ, ಈಗ ಪಂಪ ಆತು ನೋಡು."

ಗಿರಾಕಿಗಳು ಬಂದ ದಿನ ಕಂಪ್ಯೂಟರಿನ ಮುಂದೆ ನಾನೇ ಕೂತೆ. ಪರದೆಯ ಮೇಲೆ ಚಿತ್ರ ಮೂಡಿತು. ಅವರ ಕಡೆಯ ಹೊಸ ಇಂಜಿನಿಯರ್, ಜನ್ಮದಲ್ಲಿ ಬೋರ್ಡು ಮುಟ್ಟದವನು, "ಏಮಿಟಂಡಿ, ಪಗಿಲಿಂದಾ?" ಎಂದ. ಕವಚ ಬಿರುಕು ಬಿಟ್ಟಿದೆಯೇ ಅಂತ! ಮ್ಯಾನೇಜರ್ ಮುಖ ಹುಳ್ಳಗಾಯಿತು. ಉಪಕಾರ ಮಾಡಲು ಹೋಗಿ ಸಾಹೇಬರ ಅನ್ನಕ್ಕೇ ಕಲ್ಲು ಹಾಕಿದೆನಲ್ಲ ಎಂದು ನನಗೆ ಅಳು ಬಂತು.

ಸಾಹೇಬರು ಎದ್ದು ಪರದೆಯ ಬಳಿ ಹೋದರು. ಮಾತು ಅರ್ಧ ತೆಲುಗು, ಅರ್ಧ ದಖ್ಖನಿ ಉರ್ದು. ಬಿರುಕಲ್ಲ, ಹಿಂದಿನ ಅಂಚು ಎಂದು ತುಂಡು ಗೆರೆಯ ಮೇಲೆ ಬೆರಳಿಟ್ಟರು. ಇದು ಒಳಗೆ, ಇದು ಆಚೆ, ನೀರು ಇಲ್ಲಿ ನುಗ್ಗಿ ಅಲ್ಲಿ ಹೊರಡುತ್ತದೆ ಎಂದು ಹೇಳುತ್ತಲೇ ಹೋದರು. ಆ ಹುಡುಗ ಕೂಡ ಎದ್ದು ಬಂದು ಪಕ್ಕದಲ್ಲಿ ನಿಂತ. ಮುಂದಿನ ಕೆಲಸಕ್ಕೂ ಇವರೇ ಬೇಕೆಂದರು ಗಿರಾಕಿಗಳು. ಇವರನ್ನು ಬಿಟ್ಟರೆ ಇನ್ಯಾರು ಎಂದು ಮ್ಯಾನೇಜರ್ ಹಲ್ಲು ಕಿರಿದರು.

ಸಂಜೆ ಸಾಹೇಬರು ನನ್ನ ಮೇಜಿನ ಬಳಿ ಬಂದರು. ಹೊಗಳುತ್ತಾರೆಂದು ನಾನು ನೆಟ್ಟಗೆ ಕೂತೆ.

"ಆ ಗೆರಿ ಭಾಳ ದಪ್ಪ ಆಗ್ಯಾವು. ತೆಳ್ಳಗ ಮಾಡು."

ಎರಡು ಹೆಜ್ಜೆ ಹೋದವರು ಅಲ್ಲೇ ನಿಂತರು.

"ನೌಕರಿ ಹೋಗತೈತಿ ಅಂತ ಮನ್ಯಾಗ ಇನ್ನೂ ಹೇಳಿದ್ದಿಲ್ಲವಾ," ಎಂದರು. "ಇನ್ನ ಹೇಳೂದು ಬ್ಯಾಡ."