ಸೀಟಿನ ಮೇಲೊಂದು ಟವೆಲ್

ಕಳೆದ ಸೋಮವಾರ ನಾನು ಹುಮನಾಬಾದಿನಿಂದ ಕಲ್ಯಾಣದವರೆಗೆ ಒಂದು ಟವೆಲ್ಲಿನ ಜೊತೆ ಪ್ರಯಾಣ ಮಾಡಿದೆ.

ಟವೆಲ್ಲಿನ ಒಡೆಯ ಯಾರೆಂದು ಕೇಳಬೇಡಿ. ಅವನು ಬರಲೇ ಇಲ್ಲ.

ನಮ್ಮ ಕಡೆಯ ರಿಸರ್ವೇಷನ್ ನಿಮಗೆ ಗೊತ್ತೇ ಇದೆ. ಬಸ್ಸು ಸ್ಟ್ಯಾಂಡಿಗೆ ಬಂದು ನಿಲ್ಲುವ ಮೊದಲೇ ಕಿಟಕಿಗಳೊಳಗೆ ಟವೆಲ್ಲುಗಳು ಹಾರುತ್ತವೆ. ಸೀಟಿನ ಮೇಲೆ ಬಿತ್ತೋ, ಮುಗಿಯಿತು. ಅದು ರಿಜಿಸ್ಟ್ರಿ ಆದ ಹೊಲ!

ಕಲ್ಯಾಣದ ಮೇಲೆ ಹೋಗುವ ಮಧ್ಯಾಹ್ನದ ಮಂಠಾಳ ಬಸ್ಸು. ನಾನು ಹತ್ತಿದಾಗ ಎಡಗಡೆಯ ಮೂರನೇ ಸೀಟಿನಲ್ಲಿ ಎರಡು ಬಟ್ಟೆಗಳಿದ್ದವು. ಓಡಾಡುವ ದಾರಿಯ ಬದಿಗೆ ಒಂದು ಬಿಳಿ ಟವೆಲ್, ಅಂಚಿನಲ್ಲಿ ಎರಡು ತೂತು. ಕಿಟಕಿಯ ಬದಿಗೆ ಹಳೆಯ ಸೀರೆಯಿಂದ ಹರಿದ ಒಂದು ತುಂಡು, ನಾಲ್ಕು ಮಡಿಕೆ ಹಾಕಿದ್ದು. (ನಡೆದದ್ದನ್ನು ನಡೆದಷ್ಟೇ ಹೇಳುತ್ತಿದ್ದೇನೆ.)

ಟವೆಲ್ಲಿಗೆ ಮೊಣಕಾಲು ತಾಗದಂತೆ ಒಳಗೆ ಸರಿದೆ. ಸೀರೆಯ ತುಂಡನ್ನು ಯಾರೋ ಬಿಟ್ಟುಹೋದ ಚಿಂದಿ ಅಂದುಕೊಂಡೆ. ಬಿಡಿಸಿದೆ. ಅದರಿಂದಲೇ ಸೀಟಿನ ಧೂಳು ಒರೆಸಿದೆ. ಮತ್ತೆ ಮೊದಲಿನಂತೆ ಮಡಚಿ, ಸಾಮಾನು ಇಡುವ ಮೇಲಿನ ಸರಳುಗಳ ಮೇಲಿಟ್ಟು ಕೂತೆ.

ಆಮೇಲೆ ತಾಯಿ ಮಗಳು ಹತ್ತಿದರು. ತಾಯಿಗೆ ಎಪ್ಪತ್ತರ ಹತ್ತಿರ, ಒಂದು ಕಣ್ಣಿಗೆ ಬ್ಯಾಂಡೇಜು, ಅದರ ಮೇಲೆ ಹಸಿರು ಬಟ್ಟೆ. ಕಣ್ಣಿನ ಪೊರೆ ತೆಗೆಸಿಕೊಂಡು ಮಂಠಾಳಕ್ಕೆ ಮರಳುತ್ತಿದ್ದರು. ಮಗಳು ತಾಯಿಯ ತಲೆ ಅಲುಗದಂತೆ ಹಿಡಿದು, ಮೆಟ್ಟಿಲು ಮೆಟ್ಟಿಲಾಗಿ ಹತ್ತಿಸಿದಳು. ನೇರ ನನ್ನ ಸೀಟಿನ ಹತ್ತಿರ ಬಂದಳು.

"ಅಣ್ಣಾರ, ಖಿಡಕ್ಯಾಗಿಂದ ಇಲ್ಲೇ ನಮ್ಮ ಅರಿವಿ ಹಾಕಿದ್ದೆ."

ಮೇಲಿನಿಂದ ತೆಗೆದು ಕೊಟ್ಟೆ. "ಇದೇನು?"

"ಹೌದ್ರಿ." ಆಕೆ ನಾನು ಏಳುವುದನ್ನು ಕಾದಳು. ನಾನು ಏಳಲಿಲ್ಲ.

ಹಿಂದಿನ ಸೀಟಿನಿಂದ ಒಬ್ಬ ತೀರ್ಪು ಕೊಟ್ಟ: "ತಂಗಿ, ದಸ್ತಿ, ಕರ್ಚೀಫ್ ಹಾಕಬೇಕು, ಇಲ್ಲಂದ್ರ ಟಾವೆಲ್ ಹಾಕಬೇಕು. ಚಿಂದಿ ಹಾಕಿದ್ರ ಸೀಟ್ ಹ್ಯಾಂಗ ಸಿಗ್ತದ?"

ಬಸ್ಸು ನಕ್ಕಿತು. ನಾನೂ ಸ್ವಲ್ಪ ನಕ್ಕೆ.

"ಹಂಗಾರ ಈ ಕಡೀ ಸೀಟಿನ್ಯಾಗ ಕೂಡ್ತಾಳ ನಮ್ಮವ್ವ. ಖಾಲೀನೇ ಅದಲಾ?"

"ಖಾಲಿ ಎಲ್ಲದ ತಂಗಿ? ಟಾವೆಲ್ ಅದ. ಚಾ ಕುಡ್ಯಾಕ ಹೋಗಿರಬೇಕು, ಬರ್ತಾರ." ಹೀಗೆ ಹೇಳಿದವನು ನಾನೇ.

ಮುದುಕಿ ಮಗಳ ಭುಜ ಹಿಡಿದು ಕೇಳಿದಳು: "ಯಾರು ಕುಂತಾರವ್ವ ಅಲ್ಲಿ?"

"ಟಾವೆಲ್ ಕುಂತದ ಯವ್ವಾ."

"ಕುಂದರ್ಲಿ ಬಿಡು. ಪಾಪ, ಎಷ್ಟು ದೂರದಿಂದ ಬಂದದೋ!"

ಬಸ್ಸು ಹೊರಟಿತು. ತಾಯಿ ಮಗಳು ಅಲ್ಲೇ ಕಂಬಿ ಹಿಡಿದು ನಿಂತರು. "ಟಾವೆಲ್ ಯಾರದ್ರೀ?" ಅಂದ ಕಂಡಕ್ಟರ್. ಅವನೂ ಅದಕ್ಕೆ ತಾಗದಂತೆ ಓರೆಯಾಗಿ ದಾಟಿಹೋದ.

ಹೊರಗೆ ತೊಗರಿ ಹೊಲಗಳು ಬಿಸಿಲಿನಲ್ಲಿ ನಿಧಾನ ತಿರುಗುತ್ತಿದ್ದವು. ಕಿಟಕಿಯ ಗಾಳಿಗೆ ಟವೆಲ್ ಉಬ್ಬುತ್ತಿತ್ತು, ಇಳಿಯುತ್ತಿತ್ತು, ಮಲಗಿದವನ ಎದೆಯ ಹಾಗೆ. ನನಗೆ ಜೊಂಪು ಹತ್ತಿತು. ಟವೆಲ್ಲಿಗೆ ಒಂದು ಮುಖ ಬಂತು, ಬಿಳಿ ಮೀಸೆ ಬಂತು. ಊರಿನಲ್ಲಿ ನಾಲ್ಕು ಜನ ಎದ್ದು ನಿಂತು ಕೈಮುಗಿಯುವಂಥ ದೊಡ್ಡ ಮನುಷ್ಯ. ಅವನಿಗೆ ಜಾಗ ಇರಲಿ ಎಂದು ನಾನು ಇನ್ನಷ್ಟು ಕಿಟಕಿಯ ಕಡೆ ಸರಿದೆ. ಅಷ್ಟು ಗೌರವ!

ಆ ಜೊಂಪಿನಲ್ಲೇ ಮಗಳ ಮಾತು ಕಿವಿಗೆ ಬೀಳುತ್ತಿತ್ತು. ಪಕ್ಕದಲ್ಲಿ ನಿಂತ ಹೆಂಗಸಿಗೆ ಹೇಳುತ್ತಿದ್ದಳು. ತಲೆ ಕುಲುಕಬಾರದು. ಕಣ್ಣಿಗೆ ಧೂಳು ತಾಗಬಾರದು. ನೀರು ಬಂದರೆ ಕುದಿಸಿ ಒಣಗಿಸಿದ ಬಟ್ಟೆಯಲ್ಲೇ ಒತ್ತಬೇಕು. ಇಲ್ಲದಿದ್ದರೆ ಕೀವಾಗಿ ಕಣ್ಣೇ ಹೋಗುತ್ತದೆ ಅಂದಿದ್ದಾರಂತೆ ಡಾಕ್ಟರು. "ಇನ್ನೊಂದು ಕಣ್ಣು ಮೊದಲೇ ಹೋಗ್ಯಾದ್ರೀ. ಇದೊಂದೇ ಉಳದದ."

ರಾಜೇಶ್ವರದ ಆಚೆ ಬಸ್ಸು ಒಂದು ಗುಂಡಿಗೆ ಬಿದ್ದೆದ್ದಿತು. ಮುದುಕಿ "ಯವ್ವಾ" ಅಂದಳು. ಬ್ಯಾಂಡೇಜಿನ ಕೆಳಗಿನಿಂದ ಒಂದೇ ಸಮನೆ ನೀರು ಇಳಿಯತೊಡಗಿತು.

ಮಗಳು ಆ ಸೀರೆಯ ತುಂಡನ್ನು ಬಿಡಿಸಿದಳು. "ಒಳಗಿನ ಮಡಿಕಿ ಚೊಕ್ಕ ಅದ ಯವ್ವಾ. ಮಾರಿ ಎತ್ತು."

ನನ್ನ ನಿದ್ದೆ ಹಾರಿಹೋಯಿತು. ಬಟ್ಟೆ ಕಣ್ಣಿನಿಂದ ಒಂದು ಗೇಣು ದೂರದಲ್ಲಿತ್ತು. ಆಮೇಲೆ ಅಷ್ಟೂ ಇರಲಿಲ್ಲ.

"ಬ್ಯಾಡ್ರೀ! ಅದರಲೆ ನಾ ಸೀಟ್ ಒರಸೀನಿ."

ಆಕೆಯ ಕೈ ನಿಂತಿತು. "ಒಳಗಿಂದೂ?"

"ಒಳಗಿಂದಲೇ."

ಈ ಸಲ ಬಸ್ಸು ನಗಲಿಲ್ಲ. ನಾನು ಎದ್ದೆ. ಮುದುಕಿಯನ್ನು ಕಿಟಕಿಯ ಬದಿಗೆ ಕೂರಿಸಿದೆವು. ಮಗಳು ತನ್ನ ಸೆರಗಿನ ತುದಿಯನ್ನು ಒಮ್ಮೆ ನೋಡಿಕೊಂಡು ಬಿಟ್ಟಳು. ನೀರು ತಾನಾಗಿ ಒಣಗಲಿ ಎಂದು ಕೈಯಿಂದ ಗಾಳಿ ತಡೆದು ನಿಂತಳು. ಅರ್ಧ ಗಂಟೆ ಹಾಗೇ ನಿಂತಿದ್ದಳು.

ನೀವು ನಂಬುತ್ತೀರಾ? ಆಗಲೂ ಟವೆಲ್ಲನ್ನು ಯಾರೂ ತೆಗೆಯಲಿಲ್ಲ. ಮಗಳು ನಿಂತಿದ್ದಳು, ನಾನು ನಿಂತಿದ್ದೆ, ಅದು ಕೂತಿತ್ತು.

ಅದೂ ನೂಲು, ಇದೂ ನೂಲು. ತೂತಿದ್ದದ್ದು ಟವೆಲ್ಲಿಗೆ. ಕುದಿಸಿ, ಒಣಗಿಸಿ, ಒಂದು ಕಣ್ಣಿಗಾಗಿ ಎತ್ತಿಟ್ಟದ್ದು ಸೀರೆಯ ತುಂಡು. ನನಗೆ ಚಿಂದಿಯಾಗಿ ಕಂಡದ್ದು ಯಾವುದು? ಇದನ್ನು ಬರೆಯುವಾಗಲೂ ಆ ಒಂದು ಗೇಣು ನೆನಪಾಗಿ ಪೆನ್ನು ನಿಲ್ಲುತ್ತಿದೆ.

ಕಲ್ಯಾಣದಲ್ಲಿ ಇಳಿಯುವಾಗ ಏನಾದರೂ ಹೇಳಬೇಕೆನಿಸಿ, ದಡ್ಡನ ಹಾಗೆ ಒಂದು ಬುದ್ಧಿಮಾತು ಹೇಳಿದೆ: "ಇನ್ನೊಂದ್ ಸಲ ಟಾವೆಲ್ ಹಾಕವ್ವ, ತಂಗಿ."

ಆಕೆಗೆ ಸಿಟ್ಟೇನೂ ಇರಲಿಲ್ಲ. "ನಮ್ಮ ಮನ್ಯಾಗ ಹೆಗಲಿಗೆ ಟಾವೆಲ್ ಹಾಕ್ಕೊಳ್ಳೋ ಗಂಡಸರು ಯಾರೂ ಇಲ್ರೀ ಅಣ್ಣಾರ. ನಾ, ನಮ್ಮವ್ವ, ಇಬ್ಬರೇ" ಅಂದಳು.

ಅಂಥ ಮನೆಯವರು ನಮ್ಮ ಬಸ್ಸುಗಳಲ್ಲಿ ಯಾವ ಬಟ್ಟೆ ಹಾಕಿ ಸೀಟು ಹಿಡಿಯಬೇಕು, ಹೇಳಿ?