ಸರೋಜ ಎಂಬ ಪ್ರಿಂಟರ್

ಹೋದ ವಾರ ಸದಾಶಿವನಗರದ ನಮ್ಮ ಮನೆಗೆ ಹೊಸ ಪ್ರಿಂಟರ್ ಬಂತು. ಮಗಳು ಲ್ಯಾಪ್‌ಟಾಪ್ ತೆರೆದು, "ಅಮ್ಮ, ಇದಕ್ಕೊಂದು ಹೆಸರಿಡ್ಬೇಕಂತೆ, ಏನಿಡ್ಲಿ?" ಎಂದಳು. ಹೆಸರೊಂದು ನಾಲಿಗೆ ತುದಿಗೆ ಬಂದೇಬಿಟ್ಟಿತ್ತು, ನುಂಗಿಕೊಂಡೆ. ಅವಳಿಗೆ ಹೇಳದ್ದನ್ನು ನಿಮಗಾದರೂ ಹೇಳುತ್ತೇನೆ.

ಎರಡು ಸಾವಿರದ ಇಸವಿ ದಾಟಿದ ಹೊಸತು. ಡಿಗ್ರಿ ಮುಗಿಸಿ ಗುಬ್ಬಿಯ ಸರೋಜಕ್ಕನ ಡಿಟಿಪಿ ಅಂಗಡಿಯಲ್ಲಿ ಟೈಪಿಂಗಿಗೆ ಸೇರಿದ್ದೆ. ದಿನವೂ ತುಮಕೂರಿನಿಂದ ಬಸ್ಸು. ಲಗ್ನಪತ್ರಿಕೆ, ಬಾಡಿಗೆ ಕರಾರು, ತಿಥಿ ಕಾರ್ಡು, ಎಲ್ಲಕ್ಕೂ ಒಂದೇ ಕಂಪ್ಯೂಟರ್. ಕಂಪ್ಯೂಟರ್ ಚೆನ್ನಾಗಿ ಗೊತ್ತು ಎಂದು ಹೇಳಿಯೇ ಸೇರಿದ್ದು. ಗೊತ್ತಿದ್ದದ್ದು ಆನ್ ಮಾಡುವುದು, ಆಫ್ ಮಾಡುವುದು, ಮಧ್ಯೆ ಇಸ್ಪೀಟಾಡುವುದು.

ಅಂಗಡಿ ಶುರುಮಾಡಿದವರು ಸರೋಜಕ್ಕನ ಯಜಮಾನರು ಶಿವಣ್ಣ. ನಾನು ಸೇರುವ ಹೊತ್ತಿಗೆ ಅವರು ತೀರಿಕೊಂಡಿದ್ದರು. ಅವರ ಕಾಲದ ಪ್ರಿಂಟರ್ ಇಡೀ ಬೀದಿಗೆ ಕೇಳುವಂತೆ ಕಿರುಚುತ್ತಿತ್ತು. ಕಂಪ್ಯೂಟರಿನೊಳಗೆ ಅದಕ್ಕೆ ಅವರು ಇಂಗ್ಲಿಷ್ ಅಕ್ಷರದಲ್ಲಿ 'ಸರೋಜ' ಎಂದು ಹೆಸರಿಟ್ಟಿದ್ದರು. ಅಕ್ಕನಿಗೆ ಆಗ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. "ನಿನ್ನ ಹೆಸರೊಂದು ಗುರುತು ಹಿಡಿ ಸಾಕು, ಪ್ರಿಂಟ್ ತಾನೇ ಬತ್ತದೆ" ಎಂದಿದ್ದರಂತೆ. ಹೆಂಡತಿಗೆ ಒಡವೆ ಮಾಡಿಸಿದವರನ್ನು ಬೇಕಾದಷ್ಟು ಕಂಡಿದ್ದೇನೆ, ಪ್ರಿಂಟರಿಗೆ ಹೆಂಡತಿಯ ಹೆಸರಿಟ್ಟವರನ್ನು ಇನ್ನೊಬ್ಬರನ್ನು ಕಂಡಿಲ್ಲ.

ಆ ಪ್ರಿಂಟರೂ ಒಂದು ದಿನ ಕೆಟ್ಟು ಗುಜರಿಗೆ ಹೋಯಿತು. ಹೊಸದನ್ನು ಜೋಡಿಸಲು ತುಮಕೂರಿನಿಂದ ಬಂದವನು, "ಹಳೇದರ ಡ್ರೈವರ್ ತೆಗೆದುಬಿಡ್ಲಾ ಮೇಡಂ?" ಎಂದು ಕೇಳಿದ. ಡ್ರೈವರ್ ಅಂದರೆ ಕಂಪ್ಯೂಟರಿನ ಮಾತನ್ನು ಪ್ರಿಂಟರಿಗೆ ತಿಳಿಸಿ ಹೇಳುವ ದುಭಾಷಿ. ಅದನ್ನು ತೆಗೆದರೆ ಹೆಸರೂ ಹೋಗುತ್ತದೆ ಎಂದ.

"ಇರ್ಲಿ ಬುಡಪ್ಪ, ಅದೇನು ಅನ್ನ ಕೇಳ್ತದಾ?" ಎಂದರು ಅಕ್ಕ.

ನನಗೂ ಅದು ನ್ಯಾಯವೆನಿಸಿತು. ಯಜಮಾನರು ಹೋಗಿ ಎಷ್ಟೋ ವರ್ಷವಾದರೂ ನಮ್ಮ ಕಡೆ ಬಾಗಿಲ ಮೇಲಿನ ಬೋರ್ಡಿನಲ್ಲಿ ಅವರ ಹೆಸರೇ ಇರುತ್ತದೆ, ತೆಗೆಯಲು ಯಾರಿಗೂ ಕೈ ಬರುವುದಿಲ್ಲ. ಮನೆಗೆ ಅದರಿಂದ ಏನೂ ಆಗುವುದಿಲ್ಲ. ಕಂಪ್ಯೂಟರಿಗೆ ಆಗುತ್ತದೆಂದು ನಮಗೆ ಹೊಳೆಯಲಿಲ್ಲ.

ಮದುವೆಗಳ ಕಾಲ ಬಂತು. ಪ್ರಿಂಟ್ ಒತ್ತಿದ ಕೂಡಲೇ ಪರದೆ ನೀಲಿಯಾಗಿ, ಬಿಳಿ ಅಕ್ಷರಗಳಲ್ಲಿ ಏನೇನೋ ಹೇಳಿ, ಕಂಪ್ಯೂಟರ್ ಸತ್ತುಬೀಳತೊಡಗಿತು. ವೋಲ್ಟೇಜು ಎಂದರು ಕೆಲವರು. ಪಕ್ಕದ ಬೇಕರಿಯವರು ದೃಷ್ಟಿ ಎಂದು ಮಾನಿಟರಿಗೆ ನಿಂಬೆಹಣ್ಣು ಕಟ್ಟಿಹೋದರು. ನಾನು ಡಬ್ಬ ಬಿಚ್ಚಿ ಧೂಳು ಊದಿ, ಅದು ಕಣ್ಣಿಗೆ ಬಿದ್ದು ಅರ್ಧ ದಿನ ಅತ್ತೆ. "ಏನಮ್ಮಾ, ನನ್ನ ಮಗನ ಮದುವೆ ಆದ್ಮೇಲೆ ಕೊಡ್ತೀರಾ ಪತ್ರಿಕೇನ?" ಎಂದು ಗಿರಾಕಿಗಳು ಒಬ್ಬೊಬ್ಬರಾಗಿ ಬೇರೆ ಅಂಗಡಿ ಹಿಡಿದರು.

ಸುದ್ದಿ ತಿಳಿದು ಕುಣಿಗಲ್ಲಿನಿಂದ ಅಕ್ಕನ ತಮ್ಮ ರಂಗಸ್ವಾಮಿ ಬಂದ. "ಸಾಕು ಬುಡಕ್ಕ ಇದು. ನಮ್ಮನೆ ಮೇಲಿನ ರೂಮು ಖಾಲಿ ಮಾಡ್ಸಿದೀನಿ. ಅಂಗಡಿ ತಗೊಳ್ಳೋರನ್ನೂ ನೋಡಿದೀನಿ. ಭಾನುವಾರ ಟೆಂಪೋ ಬತ್ತದೆ, ಸಾಮಾನು ಕಟ್ಟಿಡು." ಅವನದು ಕೆಟ್ಟ ಮನಸ್ಸಲ್ಲ. ಅಕ್ಕನ ಮೇಲೆ ಜೀವ ಇಟ್ಟುಕೊಂಡವನು. ಸರೋಜಕ್ಕ ಅವನಿಗೊಂದು ಟೀ ತರಿಸಿದರು.

ಶನಿವಾರ ಮಧ್ಯಾಹ್ನ ನಾನು ರೇಗಿ ಪ್ರಿಂಟರಿನ ವೈರನ್ನೇ ಕಿತ್ತುಹಾಕಿ ಪ್ರಿಂಟ್ ಒತ್ತಿದೆ. ಆಗಲೂ ಪರದೆ ನೀಲಿ! ಅಂದರೆ ತಪ್ಪು ಪ್ರಿಂಟರಿನದಲ್ಲ. ಅದೇ ಪತ್ರಿಕೆಯನ್ನು ಫ್ಲಾಪಿಯಲ್ಲಿ ಬೇರೆ ಅಂಗಡಿಗೆ ಒಯ್ದರೆ ಸಲೀಸಾಗಿ ಬಂತು. ತಪ್ಪು ಪತ್ರಿಕೆಯದೂ ಅಲ್ಲ. ಕೊನೆಗೆ ಆ ಅಂಗಡಿಯವರು ಹೇಳಿಕೊಟ್ಟಂತೆ ಸೇಫ್ ಮೋಡಿನಲ್ಲಿ, ಅಂದರೆ ತೀರಾ ಬೇಕಾದಷ್ಟನ್ನೇ ಎಬ್ಬಿಸಿ, ಕಂಪ್ಯೂಟರ್ ಶುರುಮಾಡಿದೆ. ಅದು ಸತ್ತುಬೀಳಲಿಲ್ಲ. ಪ್ರಿಂಟರುಗಳ ಪುಟ ತೆರೆದರೆ ಎರಡು ಹೆಸರು. ಗುಜರಿಗೆ ಹೋದ ಪ್ರಿಂಟರಿನ ದುಭಾಷಿ ಇನ್ನೂ ಅಲ್ಲೇ ಕೂತು, ಹೊಸಬ ಬಾಯಿ ತೆರೆದಾಗಲೆಲ್ಲ ನಡುವೆ ಬಾಯಿ ಹಾಕುತ್ತಿದ್ದ.

ಹಳೆಯದನ್ನು ತೆಗೆಯಲೇಬೇಕೆಂದು ಅಕ್ಕನಿಗೆ ಹೇಳಿದೆ. ತೆಗೆಯಲು ಹೋದರೆ ಪರದೆಯ ಮೇಲೊಂದು ಚೌಕ ಮೂಡಿತು.

"ಏನ್ ಕೇಳ್ತದೆ ಅದು?"

"ಸರೋಜ ಅನ್ನೋ ಪ್ರಿಂಟರನ್ನ ತೆಗೀಲೇಬೇಕಾ, ಖಂಡಿತಾನಾ ಅಂತ."

ಅಕ್ಕ ಹತ್ತಿರ ಬಂದು ಪರದೆಯ ಮೇಲಿನ ತಮ್ಮ ಹೆಸರಿನ ಮೇಲೆ ಬೆರಳಿಟ್ಟರು. ಆಮೇಲೆ, "ಎದ್ದೇಳು" ಎಂದು ನನ್ನನ್ನು ಎಬ್ಬಿಸಿ, ಆ ಕುರ್ಚಿಯಲ್ಲಿ ತಾವೇ ಕೂತು ಒತ್ತಿದರು.

ಕಂಪ್ಯೂಟರನ್ನು ಮತ್ತೆ ಎಂದಿನಂತೆ ಶುರುಮಾಡಿದ ಮೇಲೆ ಮೊದಲ ಪತ್ರಿಕೆ ಬಿಸಿಬಿಸಿಯಾಗಿ ಹೊರಬಂತು. ಹೊಸದಕ್ಕೂ ಸರೋಜ ಎಂದೇ ಹೆಸರಿಡುತ್ತೇನೆ ಎಂದೆ. "ಬ್ಯಾಡ ಕಣೇ, ಈಗ ನಂಗೆ ಯಾವ ಹೆಸ್ರಿದ್ರೂ ಓದಕ್ಕೆ ಬತ್ತದೆ" ಎಂದು, ಅಲ್ಲಿಂದಲೇ ಕುಣಿಗಲ್ಲಿಗೆ ಫೋನು ಮಾಡಿದರು. "ಟೆಂಪೋ ಬ್ಯಾಡ ಕಣೋ. ನಾನು ಬರಲ್ಲ."

ಇಷ್ಟು ವರ್ಷ ನಾನು ಅದನ್ನೊಂದು ದುಃಖದ ನೆನಪೆಂದೇ ಇಟ್ಟುಕೊಂಡಿದ್ದೆ. ಮೊನ್ನೆ ತಡೆಯಲಾಗದೆ ಗುಬ್ಬಿಗೆ ಹೋದೆ. ಅಂಗಡಿಯಿದೆ, ಅಕ್ಕನೂ ಇದ್ದಾರೆ, ಕನ್ನಡಕ ಬಂದಿದೆ. ಅವತ್ತು ಆ ಹೆಸರು ಅಳಿಸುವಾಗ ಸಂಕಟ ಆಗಲಿಲ್ಲವೇ ಎಂದು ಕೇಳಿದೆ.

"ಆಗ್ದೆ ಇರ್ತದಾ? ಆದ್ರೆ ಕಣೇ, ಅವ್ರು ಹೋದ್ಮೇಲೆ ಎಲ್ರೂ ನಂಗೆ ಹೇಳೋರೇ. ಅಂಗಡಿ ಮುಚ್ಚು, ರೂಮ್ ರೆಡಿ ಅದೆ, ಟೆಂಪೋ ಬತ್ತದೆ. ಖಂಡಿತಾನಾ ಅಂತ ನನ್ನ ಕೇಳಿದ್ದು ಆ ಮಿಷನ್ ಒಂದೇ."

ವಾಪಸು ಬರುವ ಬಸ್ಸಿನಲ್ಲಿ ನನಗೆ ನೆಮ್ಮದಿಯಿರಲಿಲ್ಲ. ಮಹಡಿ ಹತ್ತಿಳಿಯುವುದು ಕಷ್ಟವೆಂದು ಅತ್ತೆಯವರನ್ನು ಕೆಳಗಿನ ಕೋಣೆಗೆ ಸಾಗಿಸಲು ನಾವೆಲ್ಲ ಸೇರಿ ತೀರ್ಮಾನಿಸಿ, ಮಂಚ ಇಳಿಸಲು ಆಳನ್ನೂ ಗೊತ್ತುಮಾಡಿದ್ದೆವು. ಮನೆಗೆ ಬಂದವಳೇ ಮೇಲೆ ಹೋಗಿ, "ಅತ್ತೆ, ಕೆಳಗಿನ ಕೋಣೆಗೆ ಬರ್ತೀರಾ?" ಎಂದು ಕೇಳಿದೆ.

ಅತ್ತೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ದಿಂಬು ಸರಿಮಾಡಿಕೊಂಡು ಠೀವಿಯಿಂದ ಒರಗಿ ಕೂತರು.

"ಇರು, ಯೋಚ್ನೆ ಮಾಡಿ ಹೇಳ್ತೀನಿ."

ಇನ್ನೂ ಹೇಳಿಲ್ಲ. ಕಾಯುತ್ತಿದ್ದೇನೆ.